ಇಪ್ಪತ್ನಾಲ್ಕು ಮೂವತ್ತೈದರ ರೈಲು

ಮಗಳ ಯುರೋಪ್ ಪ್ರವಾಸದ ಯೋಜನೆ ಹಾಕಿದವನು ನಾನೇ. ಬೇರೆ ಯಾರಿಗೂ ಅದನ್ನು ಮುಟ್ಟಲು ಬಿಡಲಿಲ್ಲ. ಬಸ್ ಡಿಪೋದಲ್ಲಿ ಇಪ್ಪತ್ತೇಳು ವರ್ಷದಿಂದ ಓಡಾಟದ ಪಟ್ಟಿ ಬರೆಯುತ್ತಿರುವವನು ನಾನು. ನೂರಾ ನಲವತ್ತು ಬಸ್ಸುಗಳಲ್ಲಿ ಯಾವುದು ಯಾವ ಗಳಿಗೆಯಲ್ಲಿ ಯಾವ ತಿರುವಿನಲ್ಲಿರಬೇಕು ಎಂಬುದು ನನ್ನ ಪೆನ್ಸಿಲ್ಲಿನ ತುದಿಯಲ್ಲಿ ತೀರ್ಮಾನವಾಗುತ್ತದೆ. ಡಿಪೋದವರು ಎದುರಿಗೆ ಸಾರ್ ಎನ್ನುತ್ತಾರೆ, ಬೆನ್ನ ಹಿಂದೆ ‘ಗಡಿಯಾರ’ ಎನ್ನುತ್ತಾರೆ. ಎರಡನೆಯದೇ ನನಗೆ ಹೆಚ್ಚು ಇಷ್ಟ.

ಪ್ರವಾಸ ಎಂದೆ. ಹೊರಗಿನವರಿಗೆ ಹಾಗೆಂದೇ ಹೇಳಿದ್ದೆವು. “ಬೆನ್ನಿಗೊಂದು ಚೀಲ ಏರಿಸ್ಕೊಂಡು ದೇಶ ಸುತ್ತೋಕೆ ಹೊರಟಿದ್ದಾಳಂತೆ, ಈ ವಯಸ್ಸಲ್ಲಿ!” ಎಂದು ಪಕ್ಕದ ಮನೆಯಾಕೆ ಮೂಗು ಮುರಿದಳು. ಮುರಿಯಲಿ, ಮೂಗು ಅವಳದ್ದೇ ತಾನೆ. ನಿಜ ಸಂಗತಿ ಬೇರೆ ಇತ್ತು. ಎರಡು ವರ್ಷದ ಹಿಂದೆ ಅಳಿಯ ನಮ್ಮ ಮೊಮ್ಮಗಳನ್ನು ಒಂದು ತಿಂಗಳ ರಜೆಗೆಂದು ಅಲ್ಲಿರುವ ತನ್ನ ಅಕ್ಕನ ಮನೆಗೆ ಕರೆದುಕೊಂಡು ಹೋದ. ಹೋದವನು ತಾನೂ ಬರಲಿಲ್ಲ, ಮಗುವನ್ನೂ ಕಳಿಸಲಿಲ್ಲ. ಆಗ ಅವಳಿಗೆ ಐದು ವರ್ಷ. ಗುಬ್ಬಿ ಎಂದು ಕರೆಯುತ್ತಿದ್ದೆವು. ಫೋನಿನಲ್ಲೂ ಅವಳ ದನಿ ಕೇಳಿಸದೆ ಎರಡು ವರ್ಷ ಕಳೆಯಿತು. ಕೋರ್ಟು ಆ ದೇಶದ್ದು, ಭಾಷೆಯೂ ಆ ದೇಶದ್ದು. ಕಾಗದಗಳು ಹೋಗಿ ಬಂದು, ಬಂದು ಹೋಗಿ, ಕೊನೆಗೆ ಅಲ್ಲಿನ ಮಕ್ಕಳ ಕಚೇರಿಯಿಂದ ಒಂದು ಪತ್ರ ಬಂತು. ಜುಲೈ ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ತಾಯಿ ಮಗುವನ್ನು ಕಚೇರಿಯ ಕೋಣೆಯಲ್ಲಿ ಕಾಣಬಹುದು. ಕಚೇರಿಯ ಒಬ್ಬ ಅಧಿಕಾರಿಣಿ ಜೊತೆಗಿದ್ದು ನೋಡಿ ನ್ಯಾಯಾಧೀಶರಿಗೆ ವರದಿ ಬರೆಯುತ್ತಾರೆ. ತಾಯಿ ಬಾರದೆ ಹೋದರೆ ಅವಳಿಗೆ ಮಗುವಿನ ಬಗ್ಗೆ ಆಸಕ್ತಿಯಿಲ್ಲ ಎಂದು ತಿಳಿಯಲಾಗುವುದು.

ಎರಡು ವರ್ಷಕ್ಕೆ ಎರಡು ಗಂಟೆ. ಆ ಪತ್ರವನ್ನು ಮಗಳು ನಿಂತಲ್ಲೇ ಓದಿ, ಕೂತು ಓದಿ, ಮತ್ತೆ ಅಡುಗೆಮನೆಗೆ ಹೋಗಿ ಅವಳಮ್ಮನಿಗೆ ಓದಿ ಹೇಳಿದಳು. ಆಮೇಲೆ ನನ್ನ ಮುಂದೆ ಇಟ್ಟಳು. “ಅಪ್ಪಾ, ನನ್ನನ್ನ ಅಲ್ಲಿಗೆ ಮುಟ್ಟಿಸು” ಎಂದಳು. ಅಷ್ಟೇ ಹೇಳಿದ್ದು.

ಜುಲೈ ಎಂದರೆ ಅಲ್ಲಿ ಇಡೀ ಖಂಡವೇ ರಜೆಯ ಮೇಲಿರುವ ತಿಂಗಳು. ಮೂಗಿಗಿಂತ ಮೂಗುತ್ತಿ ಭಾರ ಎಂಬಂತೆ, ವಿಮಾನದ ದರಕ್ಕಿಂತ ಒಂದು ರಾತ್ರಿ ಮಲಗುವ ದರವೇ ಹೆಚ್ಚು. ಬೆಳಿಗ್ಗೆ ನೋಡಿದ ದರ ಸಂಜೆಗೆ ಇರುವುದಿಲ್ಲ, ಸಂಜೆ ಕಂಡ ಸೀಟು ಕಾರ್ಡಿನ ನಂಬರು ಹೊಡೆಯುವಷ್ಟರಲ್ಲಿ ಮಾಯ. ಮಗು ಇರುವ ಊರಿನಲ್ಲಿ ಆ ವಾರ ಏನೋ ಸಂಗೀತದ ಸಂಭ್ರಮವಂತೆ. ಹಾಸ್ಟೆಲಿನ ಹನ್ನೆರಡು ಮಂಚದ ಕೋಣೆಯಲ್ಲಿ ಮೇಲಿನ ಒಂದು ಮಂಚಕ್ಕೆ ಮಗಳ ಅರ್ಧ ತಿಂಗಳ ಸಂಬಳ ಕೇಳಿದರು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ವಕೀಲರಿಗೆ ಕೊಟ್ಟು ಕೊಟ್ಟು ಅವಳ ಹತ್ತಿರ ಉಳಿದಿದ್ದು ಒಬ್ಬರ ಖರ್ಚಿಗೆ, ಅದೂ ಬಿಗಿ ಹಿಡಿದರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಹಾಸಿಗೆಯೇ ಇರಲಿಲ್ಲ.

ಹಾಗಾಗಿ ನಾನು ಡಿಪೋದ ದೊಡ್ಡ ಹಾಳೆ ತಂದು ಊಟದ ಮೇಜಿನ ಮೇಲೆ ಹರಡಿದೆ. ಮೂರು ವಾರ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಎಲ್ಲಕ್ಕಿಂತ ಅಗ್ಗದ ವಿಮಾನ ಇಳಿಯುವುದು ಮಗು ಇರುವ ಊರಿನಿಂದ ಎರಡು ದೇಶ ಆಚೆ. ಇಳಿಯಲಿ. ಅಲ್ಲಿಂದ ಹಗಲು ಬಸ್ಸು, ಒಂದು ರಾತ್ರಿ ಹಾಸ್ಟೆಲು, ಮತ್ತೆ ಬಸ್ಸು, ಮತ್ತೊಂದು ಊರಿನಲ್ಲಿ ಎರಡು ರಾತ್ರಿ. ಕೊನೆಯದು ರಾತ್ರಿ ರೈಲು. ಮಲಗುವ ಖರ್ಚೂ ಉಳಿಯಿತು, ದಾರಿಯೂ ಸಾಗಿತು. ಬೆಳಿಗ್ಗೆ ಎಂಟೂ ಹತ್ತಕ್ಕೆ ಇಳಿದರೆ ಮುಖ ತೊಳೆದು, ಬಟ್ಟೆ ಬದಲಿಸಿ, ನಡೆದು ಹೋದರೂ ಒಂದು ಗಂಟೆ ಕೈಯಲ್ಲಿ ಉಳಿಯುತ್ತದೆ. ಹಾಳೆಯ ಮೇಲೆ ಅದು ಎಷ್ಟು ಚೆಂದ ಕೂತಿತ್ತೆಂದರೆ, ಸತ್ಯ ಹೇಳುತ್ತೇನೆ, ಸಂಕಟದ ಮಧ್ಯೆಯೂ ನನಗೆ ಒಂದು ಬಗೆಯ ಖುಷಿಯಾಯಿತು.

“ರೀ, ಒಂದು ದಿನ ಮೊದ್ಲೇ ಹೋಗಿ ಆ ಊರಲ್ಲೇ ಎಲ್ಲಾದ್ರೂ ಬಿದ್ದಿರ್ಲಿ. ಸ್ಟೇಷನ್ನಲ್ಲಾದ್ರೂ ಕೂತಿರ್ಲಿ” ಎಂದಳು ನನ್ನ ಹೆಂಡತಿ.

“ಒಂದು ಹೆಣ್ಣು ಇಡೀ ರಾತ್ರಿ ಸ್ಟೇಷನ್ನಲ್ಲಿ ಕೂರೋದಾ? ನಿಂಗೆ ಬಸ್ಸು ರೈಲಿನ ವಿಷಯ ಗೊತ್ತಿಲ್ಲ, ಸುಮ್ನಿರು.”

“ಬಸ್ಸಿನ ವಿಷಯ ನಂಗೊತ್ತಿಲ್ಲ. ನಿಮ್ಮ ವಿಷಯ ಗೊತ್ತು. ಹಾಳೆ ಚೆನ್ನಾಗಿ ಕಾಣ್ಲಿ ಅಂತ ಮಾಡ್ತಿದೀರಾ.”

ಸರಿಯಾದ ಮಾತಿಗೆ ನಾನು ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ.

ಅಗ್ಗದ ವಿಮಾನದವರು ಏಳು ಕಿಲೋದ ಒಂದು ಚೀಲ ಮಾತ್ರ ಬಿಡುತ್ತಾರೆ. ಚೀಲವನ್ನು ಡಿಪೋಗೆ ಹೊತ್ತೊಯ್ದು ಪಾರ್ಸೆಲ್ಲಿನ ತಕ್ಕಡಿಯ ಮೇಲಿಟ್ಟೆ. ಏಳೂ ಮುಕ್ಕಾಲು. ಮಗಳು ತನ್ನ ಇನ್ನೊಂದು ಜೊತೆ ಚಪ್ಪಲಿ ತೆಗೆದಳು, ಸ್ವೆಟರು ತೆಗೆದಳು. ತಳದಲ್ಲಿದ್ದ ಹಳದಿ ಫ್ರಾಕನ್ನು ಮಾತ್ರ ತೆಗೆಯಲಿಲ್ಲ. ಏಳು ವರ್ಷದ ಮಗುವಿನ ಅಳತೆ ಗೊತ್ತಿಲ್ಲದೆ, ಅಕ್ಕಪಕ್ಕದ ಮಕ್ಕಳನ್ನೆಲ್ಲ ನಿಲ್ಲಿಸಿ ನೋಡಿ, ಅಂದಾಜಿಗೆ ಹೊಲಿಸಿದ ಫ್ರಾಕು ಅದು. ಅಂಚು ನಾಲ್ಕು ಬೆರಳಗಲ ಮಡಿಸಿತ್ತು. ಉದ್ದವಾದರೆ ಹಾಗೇ ಇರಲಿ, ಗಿಡ್ಡವಾದರೆ ಬಿಚ್ಚಬಹುದು ಎಂದು ದರ್ಜಿ ಹೇಳಿದ್ದನಂತೆ. ತಕ್ಕಡಿಯ ಮುಂದೆ ನಿಂತು ಅದನ್ನು ಹೇಳುವಾಗ ಅವಳ ದನಿ ಒಡೆಯಿತು. ನಾನು ತೂಕದ ಮುಳ್ಳನ್ನೇ ನೋಡುತ್ತ ನಿಂತೆ.

ಅವಳು ಹೋದಳು. ಮೊದಲ ನಾಲ್ಕು ದಿನ ಎಲ್ಲವೂ ನನ್ನ ಹಾಳೆಯಂತೆಯೇ ನಡೆಯಿತು. ಬಸ್ಸು ಬಂತು, ಹಾಸ್ಟೆಲು ಸಿಕ್ಕಿತು, ಮೇಲಿನ ಮಂಚದಿಂದ ಮೆಸೇಜು ಕಳಿಸಿದಳು: ‘ಕೋಣೆ ತುಂಬ ಇಪ್ಪತ್ತು ವರ್ಷದ ಹುಡುಗೀರು. ನನ್ನನ್ನ ವಾರ್ಡನ್ನು ಅಂದ್ಕೊಂಡು ಸದ್ದು ಕಡಿಮೆ ಮಾಡಿದ್ರು.’ ನಾನು ಹಾಳೆಯ ಮೇಲೆ ಒಂದೊಂದೇ ಮನೆಗೆ ಟಿಕ್ಕು ಹಾಕುತ್ತ ಬಂದೆ.

ಹದಿನಾಲ್ಕನೇ ತಾರೀಕು ಬೆಳಗಿನ ಜಾವ ನಾನು ಡಿಪೋದಲ್ಲಿದ್ದೆ. ನಮಗೆ ನಾಲ್ಕೂ ಹತ್ತು, ಅವಳಿಗೆ ಇನ್ನೂ ನಡುರಾತ್ರಿ ದಾಟಿ ನಲವತ್ತು ನಿಮಿಷ. ರೈಲು ಹತ್ತಿ ಐದು ನಿಮಿಷವಾಗಿರಬೇಕು, ಹತ್ತಿದೆ ಎನ್ನಲು ಫೋನು ಮಾಡಿದ್ದಾಳೆ ಎಂದುಕೊಂಡು ಎತ್ತಿದೆ.

“ಅಪ್ಪಾ, ರೈಲು ಹೋಯ್ತು.”

“ಹೋಯ್ತು ಅಂದ್ರೆ? ತಡವಾಗಿ ಬಂದ್ಯಾ?”

“ಇಲ್ಲ. ಒಂದು ಗಂಟೆ ಮುಂಚೆನೇ ಬಂದಿದ್ದೆ. ಬಾಗಿಲಲ್ಲಿ ಗಾರ್ಡು ನೋಡಿ, ಇದು ನಿನ್ನೆ ಟಿಕೆಟ್ಟು ಅಂದ. ನನ್ನ ಜಾಗದಲ್ಲಿ ಬೇರೆಯವ್ರಿದ್ರು. ನೆಲದ ಮೇಲೆ ಕೂತ್ಕೋತೀನಿ ಅಂದೆ, ಕೈ ಮುಗಿದೆ, ಕೆಳಗಿಳಿಸಿಬಿಟ್ಟ. ನನ್ನ ಕಣ್ಣೆದುರೇ ಹೋಯ್ತು ಅಪ್ಪಾ.” ಅವಳು ಉಸಿರು ಎಳೆದುಕೊಂಡಳು. “ನಾನೇ ಎಲ್ಲೋ ತಾರೀಕು ಎಡವಟ್ಟು ಮಾಡ್ಕೊಂಡೆ ಅನ್ಸತ್ತೆ. ನೀನು ಸರಿಯಾಗೇ ಬರ್ದಿರ್ತೀಯ.”

ಹಾಳೆ ನನ್ನ ಮುಂದೆಯೇ ಇತ್ತು. ಹದಿಮೂರನೇ ತಾರೀಕಿನ ಸಾಲಿನ ಕೊನೆಯ ಮನೆಯಲ್ಲಿ ನನ್ನ ಅಕ್ಷರ, ದುಂಡಗೆ: 24:35, ರಾತ್ರಿ ರೈಲು.

ನಿಮಗೆ ಇದನ್ನು ಬಿಡಿಸಿ ಹೇಳಬೇಕು. ಡಿಪೋದಲ್ಲಿ ದಿನ ಹುಟ್ಟುವುದು ನಡುರಾತ್ರಿಯಲ್ಲಲ್ಲ. ಬೆಳಗಿನ ನಾಲ್ಕಕ್ಕೆ, ಮೊದಲ ಬಸ್ಸು ಗೇಟು ದಾಟಿದಾಗ. ಹನ್ನೆರಡರ ಮೇಲೆ ಓಡುವ ಕೊನೆಯ ಬಸ್ಸುಗಳು ಹಿಂದಿನ ದಿನದ ಲೆಕ್ಕಕ್ಕೇ ಸೇರುತ್ತವೆ. ಹನ್ನೆರಡೂವರೆ ನಮಗೆ ಇಪ್ಪತ್ನಾಲ್ಕೂವರೆ, ಒಂದು ಗಂಟೆ ನಮಗೆ ಇಪ್ಪತ್ತೈದು. ಇಪ್ಪತ್ತೇಳು ವರ್ಷ ಹೀಗೆ ಬರೆದ ಕೈ ನನ್ನದು. ಟಿಕೆಟ್ ಕೊಳ್ಳುವಾಗ ಹದಿಮೂರನೇ ತಾರೀಕು ಒತ್ತಿದೆ, ಹನ್ನೆರಡೂ ಮೂವತ್ತೈದರ ರೈಲು ಒತ್ತಿದೆ. ಲೋಕದ ಲೆಕ್ಕದಲ್ಲಿ ಆ ರೈಲು ಹನ್ನೆರಡನೇ ತಾರೀಕು ಮುಗಿದು ಹದಿಮೂರು ಹುಟ್ಟಿದ ಅರ್ಧ ಗಂಟೆಗೇ ಹೊರಟುಹೋಗಿತ್ತು. ಅವಳು ನನ್ನ ಹಾಳೆಯನ್ನು ನಂಬಿ ಒಂದು ದಿನ ತಡವಾಗಿ ಹೋಗಿದ್ದಳು.

ತಪ್ಪು ನಂದು ಕಣೇ ಎನ್ನಲು ಒಂದು ಉಸಿರು ಸಾಕಿತ್ತು. ನಾನು ಅಂದದ್ದು, “ಇರ್ಲಿ ಬಿಡು, ಈಗ ಅದನ್ನೆಲ್ಲ ಮಾತಾಡೋದು ಬೇಡ. ಸ್ಟೇಷನ್ ಬಿಟ್ಟು ಕದಲಬೇಡ, ನೋಡ್ತೀನಿ.”

ನೋಡಿದೆ. ಮುಂದಿನ ರೈಲುಗಳೆಲ್ಲ ಭರ್ತಿ. ದುಡ್ಡು ತೆಗೆದುಕೊಂಡು ತಮ್ಮ ಕಾರಿನಲ್ಲಿ ಜಾಗ ಕೊಡುವವರೂ ಭರ್ತಿ. ಒಂದೂವರೆಗೆ ಸ್ಟೇಷನ್ನಿನ ಹಿಂದಿನ ಬಸ್ ನಿಲ್ದಾಣದಿಂದ ಗಡಿಯ ಊರಿಗೆ ಒಂದು ಬಸ್ಸಿತ್ತು. ಏಳೂ ನಲವತ್ತಕ್ಕೆ ಮುಟ್ಟುತ್ತದೆ. ಅಲ್ಲಿಂದ ಗಂಟೆಗೊಂದು ಸಣ್ಣ ರೈಲು, ಟಿಕೆಟ್ಟಿಗೆ ಪರದಾಟವಿಲ್ಲ. ಎಂಟೂ ಹನ್ನೆರಡರದು ಹಿಡಿದರೆ ಒಂಬತ್ತೂ ಏಳಕ್ಕೆ ಮಗುವಿನ ಊರು. ಆ ಬಸ್ಸೂ ಭರ್ತಿ.

ಆದರೆ ಬಸ್ಸಿನ ವಿಷಯ ನನಗೆ ಗೊತ್ತು. ದೂರದ ಬಸ್ಸಿನಲ್ಲಿ ಡ್ರೈವರಿನ ಪಕ್ಕ ಮಡಿಸುವ ಸೀಟೊಂದು ಇರುತ್ತದೆ, ಅದನ್ನು ಯಾರೂ ಮಾರುವುದಿಲ್ಲ. ಕೆಲಸದವರದು ಅದು. ಅದರ ಮೇಲೆ ಪ್ರಯಾಣಿಕರನ್ನು ಕೂರಿಸಿದ ಎಷ್ಟೋ ಡ್ರೈವರುಗಳ ಮೇಲೆ ನಾನೇ ದೂರು ಬರೆದಿದ್ದೇನೆ.

“ಓಡು” ಎಂದೆ. “ಟಿಕೆಟ್ ಕಿಟಕಿಗೆ ಹೋಗ್ಬೇಡ. ನೇರ ಡ್ರೈವರ ಹತ್ರ ಹೋಗಿ ಫೋನ್ ಅವನ ಕೈಗೆ ಕೊಡು.”

ಅವಳು ಓಡುವ ಸದ್ದು, ಬೆನ್ನ ಮೇಲೆ ಚೀಲ ಕುಣಿಯುವ ಸದ್ದು, ಏದುಸಿರು, ಎಲ್ಲವೂ ಫೋನಿನಲ್ಲಿ ಕೇಳುತ್ತಿತ್ತು. ಆಮೇಲೆ ಒಬ್ಬ ಗಂಡಸಿನ ದನಿ. ನನ್ನದು ಹರುಕು ಇಂಗ್ಲಿಷು, ಅವನದು ಮುರುಕು. ಸೀಟು ಇಲ್ಲ ಎಂದ. ನಿನ್ನ ಪಕ್ಕ ಒಂದಿದೆ ಎಂದೆ. ಅದು ನಿನಗೆ ಹೇಗೆ ಗೊತ್ತು ಎಂದ. ನಾನೂ ಡಿಪೋದವನು, ಇಪ್ಪತ್ತೇಳು ವರ್ಷ ಎಂದೆ.

“ನಿಮ್ಮ ಡ್ರೈವರು ಯಾರನ್ನಾದ್ರೂ ಅಲ್ಲಿ ಕೂರಿಸಿದ್ರೆ ನೀವೇನು ಮಾಡ್ತೀರಿ?” ಎಂದು ಕೇಳಿದ.

ನಾನು ಸುಳ್ಳು ಹೇಳಬಹುದಿತ್ತು. “ಮೂರು ದಿನ ಕೆಲಸದಿಂದ ನಿಲ್ಲಿಸ್ತೀನಿ” ಎಂದೆ. “ಆದ್ರೆ ಅವಳು ಎರಡು ವರ್ಷದಿಂದ ತನ್ನ ಮಗೂನ ನೋಡಿಲ್ಲ. ಬೆಳಿಗ್ಗೆ ಹತ್ತು ಗಂಟೆ ತಪ್ಪಿದ್ರೆ ಮತ್ತೆ ಯಾವಾಗ ಅಂತ ಗೊತ್ತಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ.”

ಅವನು ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. ಫೋನು ಮಗಳ ಕೈಗೆ ಹೋಯಿತು. “ಹತ್ಕೋ ಅಂದ ಅಪ್ಪಾ” ಎಂದು ಅವಳು ಅತ್ತಳು. ಊರು ಕೇರಿ ಗೊತ್ತಿಲ್ಲದ ಆ ಡ್ರೈವರನಿಗೆ ನಾನು ಸತ್ಯ ಹೇಳಿದೆ. ಹೆತ್ತ ಮಗಳಿಗೆ ಹೇಳಲು ಆಗಲಿಲ್ಲ.

ಕೆಲಸ ಮಾಡಲು ಕೈ ಓಡದೆ ಮನೆಗೆ ಬಂದೆ. ವಿಷಯ ಕೇಳಿ ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. “ಚಿಕ್ಕೋಳಿದ್ದಾಗಿಂದ್ಲೂ ಹಂಗೇ ಅವಳು. ಪರೀಕ್ಷೆ ದಿನ ತಪ್ಪು ಪುಸ್ತಕ ಓದ್ಕೊಂಡು ಹೋಗಿದ್ಲಲ್ಲ. ಇಂಥಾದ್ದಕ್ಕಾದ್ರೂ ತಾರೀಕು ನೆಟ್ಟಗೆ ನೋಡ್ಕೋಬಾರ್ದಾ?” ನಾನು ನೀರು ಕುಡಿದೆ.

ಒಂಬತ್ತೂ ಇಪ್ಪತ್ತೈದಕ್ಕೆ, ಅಲ್ಲಿನ ಗಡಿಯಾರದಲ್ಲಿ, ಮತ್ತೆ ಫೋನು ಬಂತು. ಆ ಹೊತ್ತಿಗೆ ಅವಳು ಮಗುವಿನ ಊರಿನಲ್ಲಿರಬೇಕಿತ್ತು. “ಈಗ ಗಡಿ ಊರಲ್ಲಿ ಇಳ್ದೆ ಅಪ್ಪಾ. ರಜೆಗೆ ಹೊರಟ ಕಾರುಗಳು, ಮೈಲಿಗಟ್ಲೆ ನಿಂತಿದ್ವು. ಒಂಬತ್ತೂ ಹನ್ನೆರಡರ ರೈಲೂ ಹೋಯ್ತು. ಇನ್ನೊಂದು ಹತ್ತೂ ಹನ್ನೆರಡಕ್ಕಂತೆ.” ಎಂದರೆ ಹನ್ನೊಂದೂ ಏಳಕ್ಕೆ ಮುಟ್ಟುವುದು. ಓಡಿದರೆ ಹನ್ನೊಂದೂ ಕಾಲು. ಅವಳ ದನಿಯಲ್ಲಿ ಈಗ ಅಳು ಕೂಡ ಉಳಿದಿರಲಿಲ್ಲ. “ಆಫೀಸಿನೋರಿಗೆ ಹೇಳು. ನನ್ನ ಫೋನಲ್ಲಿ ಚಾರ್ಜು ಮುಗೀತಿದೆ.”

ಕಚೇರಿಗೆ ಫೋನು ಮಾಡಿದೆ. ವರದಿ ಬರೆಯಬೇಕಾದ ಅಧಿಕಾರಿಣಿಯೇ ಎತ್ತಿದಳು. ನೆಟ್ಟಗಿನ, ಸಿಟ್ಟೂ ಇಲ್ಲದ ಕರುಣೆಯೂ ಇಲ್ಲದ ದನಿ. ತಾಯಿ ದಾರಿಯಲ್ಲಿದ್ದಾಳೆ, ಒಂದೂಕಾಲು ಗಂಟೆ ತಡವಾಗುತ್ತದೆ ಎಂದೆ.

“ಕಾರಣ?” ಎಂದಳು.

ನನ್ನ ಹೆಂಡತಿ ಎದುರಿಗೆ ನಿಂತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡೆ. “ಅವಳಿಗೆ ರೈಲಿನ ತಾರೀಕು ಗೊಂದಲವಾಯ್ತು” ಎಂದೆ.

ಆ ಕಡೆ ಕೀಲಿಮಣೆಯ ಸದ್ದು. ಅವಳು ಬರೆದುಕೊಳ್ಳುತ್ತಿದ್ದಾಳೆ ಎಂಬುದು ಆಗ ಹೊಳೆಯಿತು. ತಾಯಿಗೆ ತಾರೀಕು ಗೊಂದಲವಾಯಿತು. ಮಗುವನ್ನು ನೋಡುವ ತಾರೀಕನ್ನೇ ನೆನಪಿಟ್ಟುಕೊಳ್ಳದ ತಾಯಿ. ನ್ಯಾಯಾಧೀಶರು ಓದುವುದು ಇದನ್ನೇ. ನಾನು ಬಾಯಿ ತೆರೆದೆ, ಅಷ್ಟರಲ್ಲಿ ಅವಳು, “ನಿಯಮದ ಪ್ರಕಾರ ಅರ್ಧ ಗಂಟೆ ಕಾಯುತ್ತೇವೆ. ಆಮೇಲೆ ತಂದೆ ಮಗುವನ್ನು ಕರೆದುಕೊಂಡು ಹೋಗಬಹುದು” ಎಂದಳು.

“ಹನ್ನೆರಡರ ತನಕ ಆ ಕೋಣೆಗೆ ಬೇರೆ ಯಾರಾದ್ರೂ ಬರ್ತಾರಾ?”

“ಇಲ್ಲ.”

“ಹಾಗಾದ್ರೆ ದಯವಿಟ್ಟು ಮಗೂನೇ ಕೇಳಿ. ಇರ್ತೀಯಾ ಅಂತ ಅವಳನ್ನೇ ಒಂದು ಮಾತು ಕೇಳಿ.”

ಕೇಳುತ್ತೇನೆ ಎನ್ನಲಿಲ್ಲ, ಕೇಳುವುದಿಲ್ಲ ಎಂದೂ ಹೇಳಲಿಲ್ಲ. ಫೋನಿಟ್ಟಳು.

ಆಮೇಲಿನ ಎರಡೂವರೆ ಗಂಟೆ ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಇಲ್ಲಿ ಮಧ್ಯಾಹ್ನ ಇಳಿದು ಸಂಜೆಯಾಗುತ್ತ ಬಂತು. ಹೆಂಡತಿ ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ನಾನು ಮನಸ್ಸಿನಲ್ಲೇ ಹೇಳಿಕೊಂಡೆ: ಮಗು ಸಿಕ್ಕಿದರೆ ಹೇಳುತ್ತೇನೆ. ಸಿಗದಿದ್ದರೂ ಹೇಳುತ್ತೇನೆ. ಮರುಕ್ಷಣವೇ ಅನಿಸಿತು, ಸಿಗದಿದ್ದರೆ ಹೇಗೆ ಹೇಳುವುದು? ನಾನು ಹೇಡಿ ಎಂದು ಈ ವಯಸ್ಸಿನಲ್ಲಿ ಗೊತ್ತಾಗಬೇಕೆ?

ಫೋನು ಬಂದಾಗ ಅಲ್ಲಿ ಹನ್ನೆರಡೂ ಹತ್ತು. ಬೇರೆ ಯಾವುದೋ ನಂಬರು. ಸ್ಪೀಕರು ಹಾಕಿದೆ.

“ಸಿಕ್ಲು” ಎಂದಳು ಮಗಳು.

ಹೆಂಡತಿ ನೆಲದ ಮೇಲೆ ಕೂತುಬಿಟ್ಟಳು.

“ನಲವತ್ತು ನಿಮಿಷ ಸಿಕ್ಲು ಅಮ್ಮಾ. ಇರ್ತೀಯಾ ಅಂತ ಆ ಮೇಡಂ ಕೇಳಿದ್ರಂತೆ. ಇರ್ತೀನಿ ಅಂತ ಕುರ್ಚಿ ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ಲಂತೆ. ನನಗಿಂತ ಮೊದ್ಲು ನನ್ನ ಚೀಲ ನೋಡಿದ್ಲು. ಇಷ್ಟು ದೊಡ್ಡದು ಹೊತ್ಕೊಂಡು ಬಂದ್ಯಾ ಅಂದ್ಲು. ನಮ್ಮ ಮಾತು ಅರ್ಧ ಮರೆತಿದೆ, ಅರ್ಧ ಇದೆ. ಫ್ರಾಕು ಗಿಡ್ಡವಾಯ್ತು. ಅಂಚು ಬಿಚ್ಚೋಕೆ ಕತ್ರಿ ಇರ್ಲಿಲ್ಲ, ಹಲ್ಲಲ್ಲೇ ಬಿಚ್ಚಿದೆ. ಅವಳು ನಗ್ತಾ ಇದ್ಲು.” ಮಗಳು ನಗಲು ಹೋದಳು, ಆಗಲಿಲ್ಲ. “ಯಾಕೆ ಲೇಟು ಅಂತ ಕೇಳಿದ್ಲು. ನಾನು, ಅಮ್ಮ ದಡ್ಡಿ ಪುಟ್ಟಾ, ರೈಲಿನ ತಾರೀಕು ತಪ್ಪು ಮಾಡಿದ್ಲು ಅಂದೆ. ಅದಕ್ಕವಳು, ಮುಂದಿನ ಸಲ ಅಜ್ಜನ್ನ ಕೇಳು, ಅಜ್ಜ ಯಾವತ್ತೂ ತಪ್ಪು ಮಾಡಲ್ಲ ಅಂದ್ಲು. ನೆನಪಿಟ್ಕೊಂಡಿದಾಳೆ ಅಪ್ಪಾ. ನಿನ್ನ ಮಡಿಲಲ್ಲಿ ಕೂತು ಬಸ್ಸು ಎಣಿಸ್ತಿದ್ದದ್ದೆಲ್ಲ.”

ಇನ್ನು ತಡೆಯಲಾಗಲಿಲ್ಲ. “ತಪ್ಪು ನಂದು ಕಣೇ” ಎಂದೆ. “ಹದಿನಾಲ್ಕರ ಟಿಕೆಟ್ ತಗೋಬೇಕಿತ್ತು. ಡಿಪೋ ಲೆಕ್ಕದಲ್ಲಿ ಹದಿಮೂರು ಒತ್ತಿದೆ. ಬೆಳಿಗ್ಗೆನೇ ಗೊತ್ತಾಯ್ತು. ಹೇಳ್ಲಿಲ್ಲ. ನಿನ್ನ ಮೇಲೇ ಹಾಕ್ಬಿಟ್ಟೆ.”

ಹೆಂಡತಿ ತಲೆಯೆತ್ತಿ ನನ್ನನ್ನು ನೋಡಿದಳು.

“ಗೊತ್ತು” ಎಂದಳು ಮಗಳು.

“ಏನು ಗೊತ್ತು?”

“ಟಿಕೆಟ್ ಮೇಲೆ ಹದಿಮೂರು ಅಂತಿತ್ತು. ಹಾಳೇಲೂ ಹದಿಮೂರು ಅಂತಿತ್ತು. ಪ್ಲಾಟ್‌ಫಾರ್ಮಲ್ಲಿ ನಿಂತಾಗ್ಲೇ ಗೊತ್ತಾಯ್ತು. ಚಿಕ್ಕೋಳಿದ್ದಾಗಿಂದ ಇಪ್ಪತ್ತೈದು ಗಂಟೆ, ಇಪ್ಪತ್ತಾರು ಗಂಟೆ ಅನ್ನೋದನ್ನ ಕೇಳ್ತಾ ಬೆಳೆದಿಲ್ವಾ ನಾನು?”

“ಮತ್ತೆ ನೀನೇ ತಪ್ಪು ಮಾಡ್ದೆ ಅಂತ ಯಾಕಂದೆ?”

“ನಿಂದು ಅಂದಿದ್ರೆ ನೀನು ತಲೆ ಮೇಲೆ ಕೈ ಹೊತ್ಕೊಂಡು ಕೂತ್ಬಿಡ್ತಿದ್ದೆ. ನಂಗೆ ಬಸ್ಸು ಬೇಕಿತ್ತು ಅಪ್ಪಾ.”

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ.

“ಮೇಡಂ ವರದಿ ಓದಿಸಿದ್ರು” ಎಂದಳು. “ತಾಯಿಗೆ ತಾರೀಕು ಗೊಂದಲ ಅಂತ ಬರ್ದಿದೆ. ಸಹಿ ಹಾಕ್ದೆ. ಅಲ್ಲ ಅಂತ ವಾದ ಮಾಡ್ತಾ ಕೂತಿದ್ರೆ ಆ ಹೊತ್ತೂ ಆ ನಲವತ್ತು ನಿಮಿಷದಲ್ಲೇ ಹೋಗ್ತಿತ್ತು.”

“ನಾನು ಬರೀತೀನಿ. ಈಗ್ಲೇ ಬರೀತೀನಿ. ತಪ್ಪು ಅವಳದ್ದಲ್ಲ, ನಂದು ಅಂತ ಆ ಮೇಡಂಗೂ ನ್ಯಾಯಾಧೀಶರಿಗೂ ಬರೀತೀನಿ. ತಗೋತಾರಾ?”

“ಗೊತ್ತಿಲ್ಲ. ಬರಿ” ಎಂದಳು ಮಗಳು. “ತಾರೀಕು ಮಾತ್ರ ಸರಿಯಾಗಿ ಹಾಕು.”

ಫೋನು ಕೊಟ್ಟವರು ವಾಪಸು ಕೇಳುತ್ತಿದ್ದರು, ಇಟ್ಟುಬಿಟ್ಟಳು. ನಾನು ಬಿಳಿ ಹಾಳೆ ತೆಗೆದುಕೊಂಡು ಮೇಜಿನ ಮುಂದೆ ಕೂತೆ. ಪೆನ್ನು ಹಿಡಿದೆ. ಬಲಗಡೆ ಮೇಲಿನ ಮೂಲೆಯಲ್ಲಿ ಮೊದಲ ಅಂಕಿ ಬರೆಯಲು ಹೋದ ಕೈ ಅಲ್ಲೇ ನಿಂತಿತು. ನೆಲದ ಮೇಲೆ ಕೂತಿದ್ದ ಹೆಂಡತಿಯ ಕಡೆ ತಿರುಗಿ, ಇವತ್ತು ಎಷ್ಟನೇ ತಾರೀಕು ಎಂದು ಕೇಳಿದೆ.